ಸ್ಟಟ್‌ಗಾರ್ಟ್‌ನಿಂದ ಒಂದು ದಿನದಲ್ಲಿ ನೋಡಿ ಬರಬಹುದಾದ ಹಳೆಯ ಕೋಟೆ: ತಂದೆತಾಯಿಯರನ್ನು ಎಲ್ಲಿಗೆ ಕರೆದೊಯ್ಯಲಿ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಮೂರು ವರ್ಷಗಳಿಂದ ಕೆಲಸದ ನಿಮಿತ್ತ ಜರ್ಮನಿಯ ಸ್ಟಟ್‌ಗಾರ್ಟ್‌ನಲ್ಲಿದ್ದೇನೆ. ಚಿತ್ರದುರ್ಗದಲ್ಲಿರುವ ನನ್ನ ತಂದೆತಾಯಿ ಅಕ್ಟೋಬರ್ ಮೊದಲ ವಾರದಲ್ಲಿ ಇಲ್ಲಿಗೆ ಬಂದು ಮೂರು ವಾರ ಇರಲಿದ್ದಾರೆ. ತಂದೆಯವರು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನದ ಮೇಷ್ಟರಾಗಿದ್ದವರು. ಪ್ರತಿವರ್ಷವೂ ಮಕ್ಕಳನ್ನು ದುರ್ಗದ ಏಳು ಸುತ್ತಿನ ಕೋಟೆಗೆ ಕರೆದೊಯ್ದು, ಬಾಗಿಲುಗಳನ್ನು ನೇರವಾಗಿ ಇಡದೆ ಏಕೆ ಓರೆಯಾಗಿ ತಿರುಗಿಸಿದ್ದಾರೆ, ಒಂದು ಹೊಂಡದ ನೀರು ಇನ್ನೊಂದಕ್ಕೆ ಹೇಗೆ ಹರಿಯುತ್ತದೆ ಎಂಬುದನ್ನು ಕೋಲು ಹಿಡಿದು ತೋರಿಸುತ್ತಿದ್ದರು.

ಕಳೆದ ವರ್ಷ ನಾನು ಹೋಹೆನ್‌ಟ್ಸೋಲರ್ನ್ ಕೋಟೆಗೆ ಹೋಗಿ ಬಂದು ಅವರಿಗೆ ಹತ್ತಾರು ಚಿತ್ರಗಳನ್ನು ಕಳುಹಿಸಿದ್ದೆ. ಅವರು ಎಲ್ಲವನ್ನೂ ನೋಡಿ, "ಚೆನ್ನಾಗಿದೆ, ಆದರೆ ಇದರಲ್ಲಿ ಹಳೆಯ ಗೋಡೆ ಯಾವುದಪ್ಪಾ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಈ ಬಾರಿಯಾದರೂ ನಿಜವಾಗಿ ಹಳೆಯದಾದ, ಪಾಳುಬಿದ್ದಿದ್ದರೂ ಸರಿ, ಕಲ್ಲನ್ನು ಮುಟ್ಟಿ ನೋಡಬಹುದಾದ ಕೋಟೆಯೊಂದನ್ನು ಅವರಿಗೆ ತೋರಿಸಬೇಕೆಂದಿದ್ದೇನೆ. ನನ್ನಲ್ಲಿ ಕಾರಿಲ್ಲ. ತಾಯಿಯವರಿಗೆ ಮಂಡಿನೋವಿರುವುದರಿಂದ ಹೆಚ್ಚು ಹತ್ತುವಂತಿಲ್ಲ. ಬೆಳಿಗ್ಗೆ ಹೊರಟು ಸಂಜೆಗೆ ಹಿಂದಿರುಗುವಂತಿರಬೇಕು. ಬಲ್ಲವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ

ನಿಮ್ಮ ತಂದೆಯವರ ಪ್ರಶ್ನೆ ಸರಿಯಾಗಿಯೇ ಇದೆ. ಹೋಹೆನ್‌ಟ್ಸೋಲರ್ನ್ ಬೆಟ್ಟದ ಮೇಲೆ ಈಗ ನಿಂತಿರುವುದು ಮೂರನೆಯ ಕೋಟೆ. ಮೊದಲನೆಯದನ್ನು ಈ ಭಾಗದ, ಅಂದರೆ ಶ್ವಾಬಿಯಾದ, ನಗರಗಳು ಮುತ್ತಿಗೆ ಹಾಕಿ 1423ರಲ್ಲಿ ಕೆಡವಿದವು, 1454ರಿಂದ ಕಟ್ಟಿದ ಎರಡನೆಯದು ಕಾಲಾಂತರದಲ್ಲಿ ಹಾಳಾಯಿತು, ಈಗ ನಾವು ನೋಡುವುದನ್ನು ಪ್ರಷ್ಯಾದ ದೊರೆ ನಾಲ್ಕನೆಯ ಫ್ರೀಡ್ರಿಖ್ ವಿಲ್‌ಹೆಲ್ಮ್ ತನ್ನ ವಂಶದ ಮೂಲಸ್ಥಾನದ ನೆನಪಿಗೆಂದು ಕಟ್ಟಿಸಿದ್ದು. ಅದರ ಕೆಲಸ ನಡೆದದ್ದು 1850ರಿಂದ 1867ರವರೆಗೆ. ಅಂದರೆ ಅದು ನಮ್ಮ ಮೈಸೂರು ಅರಮನೆಗಿಂತ ಕೆಲವು ದಶಕಗಳಷ್ಟು ಮಾತ್ರ ಹಿರಿಯದು. ಬಂಡೆಯ ತುದಿಯಲ್ಲಿ ಕುಳಿತಿರುವ ಲಿಖ್ಟೆನ್‌ಸ್ಟೈನ್ ಕೂಡ ಹಾಗೆಯೇ, 1840ರ ದಶಕದ್ದು; ಆಗ ಜನಪ್ರಿಯವಾಗಿದ್ದ ಕಾದಂಬರಿಯೊಂದನ್ನು ಮೆಚ್ಚಿ ಒಬ್ಬ ಕೌಂಟ್ ಅದನ್ನು ಕಟ್ಟಿಸಿದ. ಇಲ್ಲಿ ಕಾಳಗದ ಕೋಟೆಗೆ ಬುರ್ಗ್ ಎಂದೂ ವಾಸದ ಅರಮನೆಗೆ ಶ್ಲೋಸ್ ಎಂದೂ ಹೇಳುವುದು ರೂಢಿಯಾದರೂ ಹೆಸರನ್ನು ನಂಬಿ ಹೋಗುವಂತಿಲ್ಲ, ಏಕೆಂದರೆ ಆ ಹೊಸ ಹೋಹೆನ್‌ಟ್ಸೋಲರ್ನ್‌ಗೂ ಬುರ್ಗ್ ಎಂದೇ ಹೆಸರು. ಹೊರಡುವ ಮೊದಲು ಕಟ್ಟಿದ ವರ್ಷವನ್ನು ನೋಡಿಕೊಳ್ಳುವುದೊಂದೇ ದಾರಿ.

ನಿಮ್ಮ ತಂದೆಯವರಿಗೆ ನಾನು ಹೇಳುವುದು ಹೋಹೆನ್‌ನೊಯ್ಫೆನ್. ಶ್ವೇಬಿಷ್ ಆಲ್ಬ್ ಬೆಟ್ಟಸಾಲಿನ ಅಂಚಿನಲ್ಲಿ, 743 ಮೀಟರ್ ಎತ್ತರದ ಸುಣ್ಣಕಲ್ಲಿನ ಬಂಡೆಯ ಮೇಲೆ ಅದು ನಿಂತಿದೆ. ಹನ್ನೆರಡನೆಯ ಶತಮಾನದ ಆರಂಭದಲ್ಲಿ ಕಟ್ಟಿದ ಈ ಕೋಟೆ 1301ರಲ್ಲಿ ಈ ಭಾಗವನ್ನು ಆಳಿದ ವ್ಯುರ್ಟೆಂಬೆರ್ಗ್ ಮನೆತನದ ಕೈಸೇರಿತು. 1525ರ ರೈತ ದಂಗೆಯಲ್ಲಿ ಸುತ್ತಲಿನ ಹಲವು ಕೋಟೆಗಳು ಉರಿದುಹೋದಾಗಲೂ ಇದು ಬಗ್ಗಲಿಲ್ಲ. ಆನಂತರ ಅದೇ ಮನೆತನದ ಡ್ಯೂಕ್ ಉಲ್ರಿಖ್, ಬಿಲ್ಲುಬಾಣದ ಕಾಲ ಮುಗಿದು ಫಿರಂಗಿಯ ಕಾಲ ಬಂದಿದ್ದುದರಿಂದ, ಹಳೆಯ ಕೋಟೆಯ ಸುತ್ತ ದಪ್ಪ ಗೋಡೆಯ ದುಂಡು ಬುರುಜುಗಳನ್ನು ಸೇರಿಸಿ ಇದನ್ನು ಬಲವಾದ ದುರ್ಗವಾಗಿಸಿದ. ಆದ್ದರಿಂದ ಒಳಕ್ಕೆ ನಡೆದಂತೆಲ್ಲ ಕಾಲದಲ್ಲಿ ಹಿಂದಕ್ಕೆ ನಡೆದ ಹಾಗೆ ಆಗುತ್ತದೆ. ಹೊರಗಿನ ಬುರುಜು ಹದಿನಾರನೆಯ ಶತಮಾನದ್ದು, ನಡುವಿನ ಗೋಡೆಗಳು ಅದಕ್ಕಿಂತ ಹಳೆಯವು. ಮೂವತ್ತು ವರ್ಷಗಳ ಯುದ್ಧದಲ್ಲಿ, 1634ರಿಂದ 1635ರವರೆಗೆ, ಒಂದು ವರ್ಷಕ್ಕೂ ಮೀರಿದ ಮುತ್ತಿಗೆಯನ್ನು ತಡೆದು ಕೊನೆಗೆ ಇದು ಮಾತುಕತೆಯ ಮೂಲಕ ಶರಣಾಯಿತು. ಗುಂಡಿಗೆ ಬೀಳದ ಕೋಟೆ ಹಸಿವಿಗೆ ಬೀಳುತ್ತದೆ ಎಂಬುದನ್ನು ದುರ್ಗದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇದು ಹಾಳಾದದ್ದು ಯುದ್ಧದಿಂದಲ್ಲ ಎಂಬುದು ನನಗೆ ಇಂದಿಗೂ ವಿಚಿತ್ರವೆನಿಸುತ್ತದೆ. ನೋಡಿಕೊಳ್ಳುವ ಖರ್ಚು ಹೆಚ್ಚಾಯಿತೆಂದು 1801ರಲ್ಲಿ ಸರ್ಕಾರವೇ ಇದನ್ನು ಕೈಬಿಟ್ಟಿತು. ಕೆಳಗಿನ ಊರುಗಳವರು ಬಂದು ಮನೆ ಕಟ್ಟಲು ಕಲ್ಲು ಕಿತ್ತೊಯ್ದರು. 1830ರ ಸುಮಾರಿಗೆ ಉಳಿದುದನ್ನು ಕಾಪಾಡುವ ಕೆಲಸ ಆರಂಭವಾಯಿತು. ಇನ್ನೊಂದು ಸಂಗತಿ ಮೇಷ್ಟರಿಗೆ ರುಚಿಸಬಹುದು. 1948ರ ಆಗಸ್ಟ್ 2ರಂದು ಈ ಭಾಗದ ಮೂರು ಪುಟ್ಟ ರಾಜ್ಯಗಳ ಮುಖಂಡರು ಒಂದಾಗುವ ಕುರಿತು ಮಾತಾಡಲು ಸೇರಿದ್ದು ಇದೇ ಕೋಟೆಯಲ್ಲಿ. 1952ರಲ್ಲಿ ಆ ಮೂರೂ ಸೇರಿ ಬಾಡೆನ್-ವ್ಯುರ್ಟೆಂಬೆರ್ಗ್ ಎಂಬ ಈಗಿನ ರಾಜ್ಯವಾಯಿತು. ನಮ್ಮ ಏಕೀಕರಣ ಆದದ್ದು 1956ರಲ್ಲಿ, ಅಂದರೆ ನಾಲ್ಕು ವರ್ಷ ತಡವಾಗಿ.

ಸ್ಟಟ್‌ಗಾರ್ಟ್‌ನಿಂದ ನ್ಯುರ್ಟಿಂಗನ್‌ಗೆ ಹೋಗಿ, ಅಲ್ಲಿ ಪುಟ್ಟ ರೈಲು ಹಿಡಿದರೆ ನೊಯ್ಫೆನ್ ಊರು ಸಿಗುತ್ತದೆ. ನಿಲ್ದಾಣದಿಂದ ಮೇಲಕ್ಕೆ ಮುನ್ನೂರು ಮೀಟರಿಗೂ ಹೆಚ್ಚಿನ ಏರು. ದ್ರಾಕ್ಷಿತೋಟ, ಆಮೇಲೆ ಬೀಚ್ ಮರಗಳ ಕಾಡು. ತಂದೆಯವರು ಗಟ್ಟಿಮುಟ್ಟಾಗಿದ್ದರೆ ನಡೆಯಲಿ. ತಾಯಿಯವರಿಗೆ ಟ್ಯಾಕ್ಸಿ ಮಾಡಿಸಿ. ವಾಹನ ನಿಲ್ಲಿಸುವ ಜಾಗದಿಂದ ಕೋಟೆಯ ಬಾಗಿಲಿಗೆ ಅಗಲವಾದ ದಾರಿಯಿದೆ, ಏರಾಗಿದ್ದರೂ ನಿಂತು ನಿಂತು ಹೋಗಬಹುದು.

ಎರಡನೆಯ ಉತ್ತರ

ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ನನ್ನ ಆಯ್ಕೆ ಬಾಡ್ ಉರಾಖ್ ಊರಿನ ಮೇಲಿರುವ ಹೋಹೆನ್‌ಉರಾಖ್. ಹೋಹೆನ್‌ನೊಯ್ಫೆನ್‌ನಲ್ಲಿ ಭಾನುವಾರ ಬಹಳ ಜನ ಸೇರುತ್ತಾರೆ. ಇಲ್ಲಿ ಗಿಡಗಂಟಿಗಳ ನಡುವೆ ಬೋಳು ಗೋಡೆಗಳು, ಚಾವಣಿಯಿಲ್ಲದ ಕೋಣೆಗಳು, ಅವುಗಳ ಕಿಟಕಿಗಳಲ್ಲಿ ಆಕಾಶ. ಟಿಕೆಟ್ಟೂ ಇಲ್ಲ, ಬಾಗಿಲೂ ಇಲ್ಲ. ಕೋಟೆಯಾಗಿ ಹುಟ್ಟಿ ಸೆರೆಮನೆಯಾಗಿ ಮುಗಿದ ಜಾಗವಿದು. ನಿಕೊಡೇಮುಸ್ ಫ್ರಿಷ್ಲಿನ್ ಎಂಬ ಕವಿ ಆಸ್ಥಾನದವರನ್ನು ಹೀಯಾಳಿಸಿ ಬರೆದು ಇಲ್ಲಿ ಬಂದಿಯಾಗಿದ್ದ. 1590ರ ನವೆಂಬರ್ ಕೊನೆಯ ಒಂದು ರಾತ್ರಿ ಬಟ್ಟೆಯನ್ನು ಸೀಳಿ ಹಗ್ಗ ಮಾಡಿಕೊಂಡು ಗೋಡೆಯಿಂದಿಳಿಯಲು ಹೋಗಿ, ಹಗ್ಗ ಹರಿದು ಬಂಡೆಗಳ ಮೇಲೆ ಬಿದ್ದು ಸತ್ತ. ಆ ಗೋಡೆಯಂಚಿನಲ್ಲಿ ನಿಂತು ಕೆಳಗೆ ನೋಡಿದಾಗ ಅವನ ಧೈರ್ಯಕ್ಕಿಂತ ಅವನ ಹತಾಶೆಯೇ ನನಗೆ ಹೆಚ್ಚು ಅರ್ಥವಾಯಿತು.

ಮೆಟ್ಸಿಂಗನ್‌ನಲ್ಲಿ ರೈಲು ಬದಲಾಯಿಸಿ ಜಲಪಾತದ ಹೆಸರಿನದೇ ಆದ ನಿಲ್ದಾಣದಲ್ಲಿ ಇಳಿಯಿರಿ. ಅಲ್ಲಿಂದ 37 ಮೀಟರ್ ನೇರವಾಗಿ ಧುಮುಕುವ ಉರಾಖ್ ಜಲಪಾತದ ಬುಡದವರೆಗೆ ತೊರೆಯ ಪಕ್ಕದ ದಾರಿ ಬಹುಮಟ್ಟಿಗೆ ಸಮತಟ್ಟಾಗಿರುವುದರಿಂದ ತಾಯಿಯವರು ಅಲ್ಲಿಯವರೆಗೆ ಬರಬಹುದು. ಕೋಟೆಯ ದಾರಿ ಮಾತ್ರ ಕಡಿದು, ಅಕ್ಟೋಬರ್‌ನಲ್ಲಿ ಒದ್ದೆ ಎಲೆಗಳ ಮೇಲೆ ಕಾಲು ಜಾರುತ್ತದೆ. ಚಪ್ಪಲಿಯಲ್ಲಿ ಹತ್ತುವ ದುರ್ಗದ ಅಭ್ಯಾಸವನ್ನು ಇಲ್ಲಿ ದಯವಿಟ್ಟು ಬಿಡಿಸಿ. ಸುಣ್ಣಕಲ್ಲು ನಮ್ಮ ಕಗ್ಗಲ್ಲಿನಂತೆ ಪಾದವನ್ನು ಹಿಡಿಯುವುದಿಲ್ಲ. ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ, ಬೇಗ ಕತ್ತಲಾಗುತ್ತದೆ ಎಂಬುದೂ ನೆನಪಿರಲಿ.

ಮೂರನೆಯ ಉತ್ತರ

ಟಿಕೆಟ್ ಬಗ್ಗೆ ಯಾರೂ ಹೇಳಲಿಲ್ಲ. ನಿಮ್ಮಲ್ಲಿ ಡಾಯ್ಚ್‌ಲಾಂಡ್ ಟಿಕೆಟ್ (ಇಡೀ ದೇಶದ ಸ್ಥಳೀಯ ರೈಲು, ಬಸ್ಸುಗಳಿಗೆ ನಡೆಯುವ ತಿಂಗಳ ಪಾಸು) ಇದ್ದರೂ ಅದು ನಿಮಗೊಬ್ಬರಿಗೆ ಮಾತ್ರ. ತಂದೆತಾಯಿಗೆ ದಿನದ ಬಾಡೆನ್-ವ್ಯುರ್ಟೆಂಬೆರ್ಗ್ ಟಿಕೆಟ್ ಕೊಳ್ಳಿ. ಅದರಲ್ಲಿ ಐವರವರೆಗೆ ಪಯಣಿಸಬಹುದು. ವಾರದ ದಿನಗಳಲ್ಲಿ ಬೆಳಿಗ್ಗೆ ಒಂಬತ್ತರ ನಂತರವೇ ಅದು ನಡೆಯುತ್ತದೆ, ವೇಗದ ದೂರದ ರೈಲುಗಳಲ್ಲಿ ನಡೆಯುವುದಿಲ್ಲ.

ನಾಲ್ಕನೆಯ ಉತ್ತರ

ಎರಡು ಕೋಟೆಗಳನ್ನು ನೋಡಿದ ಮೇಲೆ ತಾಯಿಯವರಿಗಾಗಿ ಒಂದು ದಿನವನ್ನು ಟ್ಯೂಬಿಂಗನ್‌ಗೆ ಇಡಿ. ಊರ ನಡುವಿನ ಗುಡ್ಡದ ಮೇಲಿರುವ ಹೋಹೆನ್‌ಟ್ಯೂಬಿಂಗನ್ ಪಾಳುಬಿದ್ದ ಕೋಟೆಯಲ್ಲ, ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಅದರ ಹಳೆಯ ಅಡುಗೆಮನೆಯನ್ನು ಪ್ರಯೋಗಶಾಲೆಯಾಗಿಸಿದ್ದಾಗ, 1869ರಲ್ಲಿ, ಫ್ರೀಡ್ರಿಖ್ ಮೀಷರ್ ಎಂಬ ಯುವಕ ಗಾಯದ ಪಟ್ಟಿಗಳಿಗೆ ಅಂಟಿದ ಕೀವಿನಿಂದ ಇಂದು ನಾವು ಡಿಎನ್‌ಎ ಎನ್ನುವ ವಸ್ತುವನ್ನು ಮೊದಲ ಬಾರಿ ಬೇರ್ಪಡಿಸಿದ. ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ಮ್ಯಾಮತ್ ಎಂಬ ಅಳಿದುಹೋದ ಆನೆಯ ದಂತದಲ್ಲಿ ಕೆತ್ತಿದ, ಹಿಮಯುಗದ ಪುಟ್ಟ ಕುದುರೆಯೂ ಇದೆ.

ಕನ್ನಡಿಗರಿಗೆ ಆ ಊರಿಗೆ ಹೋಗಲು ಇನ್ನೊಂದು ಕಾರಣವಿದೆ. 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನು ಹೊರತಂದ ಫೆರ್ಡಿನಾಂಡ್ ಕಿಟೆಲ್ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟದ್ದು ಟ್ಯೂಬಿಂಗನ್ ವಿಶ್ವವಿದ್ಯಾಲಯ. 1903ರಲ್ಲಿ ಅವರು ತೀರಿಕೊಂಡದ್ದೂ ಅದೇ ಊರಿನಲ್ಲಿ. ಕೊತ್ತಲ, ತೆನೆ, ಅಗಳು ಎಂಬ ನಮ್ಮ ಕೋಟೆಯ ಮಾತುಗಳಿಗೆ ಅರ್ಥ ನೋಡಬೇಕಾದಾಗ ನಾನು ಇಂದಿಗೂ ಆ ನಿಘಂಟನ್ನೇ ತೆರೆಯುತ್ತೇನೆ.

ಪ್ರಶ್ನೆ ಕೇಳಿದವರಿಂದ, ಮೂರು ವಾರಗಳ ನಂತರ

ಎಲ್ಲರಿಗೂ ಕೃತಜ್ಞತೆಗಳು. ಹೋಹೆನ್‌ನೊಯ್ಫೆನ್ ಮತ್ತು ಟ್ಯೂಬಿಂಗನ್ ನೋಡಿದೆವು. ಉರಾಖ್‌ಗೆ ಹೊರಟ ದಿನ ಮಳೆ ಹಿಡಿದುದರಿಂದ ಜಲಪಾತದಿಂದಲೇ ಹಿಂದಿರುಗಿದೆವು.

ಹೋಹೆನ್‌ನೊಯ್ಫೆನ್‌ನಲ್ಲಿ ತಾಯಿಯವರು ಟ್ಯಾಕ್ಸಿಯಲ್ಲಿ ಬಂದು ನಮಗಿಂತ ಮೊದಲೇ ಬಾಗಿಲ ಬಳಿ ಕುಳಿತಿದ್ದರು. ತಂದೆಯವರು ಒಳಗೆ ಕಾಲಿಟ್ಟೊಡನೆ ಮೊದಲು ಕೇಳಿದ್ದು ನೀರಿನ ವಿಚಾರ. ಸುಣ್ಣಕಲ್ಲಿನ ಬೆಟ್ಟದಲ್ಲಿ ಮಳೆಯ ನೀರೆಲ್ಲ ಇಂಗಿ ಕಣಿವೆಗೆ ಇಳಿದುಹೋಗುವಾಗ, ನಮ್ಮ ಅಕ್ಕತಂಗಿ ಹೊಂಡದಂಥದ್ದು ಇಲ್ಲಿ ನಿಲ್ಲುವುದೇ ಇಲ್ಲವಲ್ಲ, ವರ್ಷಗಟ್ಟಲೆ ಮುತ್ತಿಗೆಯನ್ನು ಹೇಗೆ ತಾಳಿದರು ಎಂದು ಯೋಚಿಸುತ್ತಾ ಅರ್ಧ ಗಂಟೆ ಅಂಗಳದಲ್ಲಿ ಸುತ್ತಾಡಿದರು. ಆಮೇಲೆ ಒಂದು ಗುಂಡಿನ ಕಿಂಡಿಯ ಒಳಮೈಗೆ ಕೈಯಿಟ್ಟು, ಹೊರಗೆ ಕಿರಿದು ಒಳಗೆ ಅಗಲ, ನಮ್ಮಲ್ಲಿಯೂ ಹೀಗೆಯೇ ಎಂದು ತಾಯಿಯವರನ್ನು ಕರೆದು ತೋರಿಸಿದರು. ಅವರಿಗೆ ಒನಕೆಯ ಓಬವ್ವನ ಕಿಂಡಿಯೇ ನೆನಪಾಯಿತಂತೆ.

ಇಳಿಯುವಾಗ ಮಾತ್ರ ತೊಂದರೆಯಾಯಿತು. ಊರವರು ಕೋಟೆಯ ಕಲ್ಲನ್ನು ಮನೆಗೆ ಒಯ್ದರೆಂದು ಮೊದಲ ಉತ್ತರದಲ್ಲಿ ಬರೆದದ್ದನ್ನು ನಾನು ಬಾಯಿತಪ್ಪಿ ತಂದೆಯವರಿಗೆ ಹೇಳಿದ್ದೆ. ನೊಯ್ಫೆನ್‌ನ ಬೀದಿಗಳಲ್ಲಿ ಅವರು ಒಂದೊಂದು ಹಳೆಯ ಮನೆಯ ತಳಪಾಯದ ಎದುರೂ ನಿಂತು, ಇದು ಮೇಲಿನಿಂದ ಬಂದ ಕಲ್ಲಿರಬಹುದೇ ಎಂದು ಬಗ್ಗಿ ನೋಡುತ್ತಿದ್ದರು. ಒಬ್ಬ ಅಜ್ಜಿ ಕಿಟಕಿ ತೆರೆದು ನಮ್ಮನ್ನೇ ನೋಡತೊಡಗಿದಾಗ ನಾನು ಕ್ಷಮೆ ಕೇಳಿ ಅವರನ್ನು ಕೈಹಿಡಿದು ಕರೆತಂದೆ. ಅಷ್ಟರಲ್ಲಿ ರೈಲು ಹೊರಟಿತ್ತು. ಮುಂದಿನ ರೈಲಿನಲ್ಲಿ ಬಂದೆವು.