ಟೋಕಿಯೊಗೆ ಹೋಗೋಕೆ 12 ಗಂಟೆ, ಬರೋಕೆ 6 ಗಂಟೆನಾ?

ಪ್ರಶ್ನೆ (ಹಾಸನದಿಂದ): ಮಗಳು ಜಪಾನಿನ ತ್ಸುಕುಬಾದಲ್ಲಿ ಓದ್ತಿದ್ದಾಳೆ. ಜನವರಿಯಲ್ಲಿ ನಾನು, ನಮ್ಮಮ್ಮ ಹೋಗ್ತಿದ್ದೀವಿ. ಬೆಂಗಳೂರಿನಿಂದ ಟೋಕಿಯೊದ ನರಿತಾಗೆ ನೇರ ವಿಮಾನ. 15ನೇ ತಾರೀಖು 2.30ಕ್ಕೆ (ಬೆಳಗಿನ ಜಾವ) ಹೊರಟು ಮಧ್ಯಾಹ್ನ 2.30ಕ್ಕೆ ಇಳಿಯುತ್ತೆ ಅಂತ ಟಿಕೆಟ್‌ನಲ್ಲಿದೆ. ಬರುವಾಗ ಸಂಜೆ 6.30ಕ್ಕೆ ಹೊರಟರೆ ರಾತ್ರಿ 12.45ಕ್ಕೇ ಬೆಂಗಳೂರು! ಭೂಮಿ ಪೂರ್ವಕ್ಕೆ ತಿರುಗೋದರಿಂದ ಹೀಗೆ ಅಂತಾರೆ ನಮ್ಮ ಯಜಮಾನ್ರು. ಹೌದಾ? ಅಮ್ಮನಿಗೆ ಮಂಡಿನೋವು, ಎಷ್ಟು ಹೊತ್ತು ಕೂರಬೇಕಾಗುತ್ತೆ?

ಉತ್ತರ (ವಿಮಾನದ ದಾರಿ, ಇಂಧನ ಲೆಕ್ಕ ಹಾಕೋದು ನನ್ನ ಕೆಲಸ, ಊರು ಚನ್ನರಾಯಪಟ್ಟಣ): ಎರಡೂ ಹೊತ್ತು ಆಯಾ ಊರಿನ ಗಡಿಯಾರದ್ದು. ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದೆ. ಹೋಗುವಾಗಿನ 12ರಲ್ಲಿ ಅದನ್ನು ಕಳೆಯಿರಿ, ಎಂಟೂವರೆ ಗಂಟೆ. ಬರುವಾಗಿನ ಆರೂಕಾಲಕ್ಕೆ ಕೂಡಿಸಿ, ಒಂಬತ್ತೂಮುಕ್ಕಾಲು. ಅಂದರೆ ನಿಜವಾಗಿ ಹೆಚ್ಚು ಹೊತ್ತು ಹಿಡಿಯೋದು ವಾಪಸ್ ಬರುವಾಗ. ಅಮ್ಮನಿಗೆ ನಡುದಾರಿಯ ಪಕ್ಕದ ಸೀಟೇ ತಗೊಳ್ಳಿ, ಆಗಾಗ ಎದ್ದು ನಾಲ್ಕು ಹೆಜ್ಜೆ ಹಾಕಲಿ.

ಭೂಮಿ ತಿರುಗೋದು ಇದಕ್ಕೆ ಕಾರಣ ಅಲ್ಲ. ಭೂಮಿ ಜೊತೆ ಗಾಳಿಯೂ ತಿರುಗುತ್ತೆ. ಓಡುವ ಬಸ್ಸಿನೊಳಗೆ ನೊಣ ಹಿಂದಕ್ಕೂ ಮುಂದಕ್ಕೂ ಒಂದೇ ಸಲೀಸಾಗಿ ಹಾರಾಡಲ್ವಾ, ಹಾಗೆ. ವ್ಯತ್ಯಾಸ ಮಾಡೋದು ಜೆಟ್ ಸ್ಟ್ರೀಮ್. 9ರಿಂದ 12 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಗಾಳಿಹೊಳೆ ಅದು. ಚಳಿಗಾಲದಲ್ಲಿ ಜಪಾನಿನ ಮೇಲೆ ಗಂಟೆಗೆ 200 ಕಿ.ಮೀ. ದಾಟೋದು ಮಾಮೂಲಿ. ಹೇಮಾವತಿಯಲ್ಲಿ ಹರಿಗೋಲು ಹಾಕಿದವರಿಗೆ ಗೊತ್ತು, ಅದೇ ಹುಟ್ಟು, ಅದೇ ತೋಳು, ಆದರೂ ಹರಿವಿನ ಜೊತೆ ಹೋಗೋದೇ ಬೇರೆ, ಎದುರು ಹೋಗೋದೇ ಬೇರೆ.

ನೇರ ದೂರ ಸುಮಾರು 6,700 ಕಿ.ಮೀ. ವಿಮಾನದ ವೇಗ ಗಂಟೆಗೆ 900 ಅಂತಿಟ್ಟುಕೊಳ್ಳಿ. ದಾರಿಯುದ್ದಕ್ಕೂ ಸರಾಸರಿ 100ರ ಗಾಳಿ ಬೆನ್ನಿಗಿದ್ದರೆ 1,000 ಆಯ್ತು, ಆರೂಮುಕ್ಕಾಲು ಗಂಟೆಯೊಳಗೆ ಮುಗಿಯುತ್ತೆ. ಎದುರಿಗಿದ್ದರೆ 800, ಎಂಟು ಗಂಟೆ ಇಪ್ಪತ್ತು ನಿಮಿಷ ದಾಟುತ್ತೆ. ಮೇಲೇರೋದು, ಇಳಿಯೋದು, ದಾರಿ ಸುತ್ತೋದು ಸೇರಿದರೆ ನಿಮ್ಮ ಟಿಕೆಟ್‌ನ ಹೊತ್ತಿಗೆ ಹತ್ತಿರ ಬರುತ್ತೆ. ವಾಪಸ್ ಬರುವಾಗ ದೂರ ಜಾಸ್ತಿಯಾದರೂ ಗಾಳಿ ಕಡಿಮೆಯಿರೋ ದಾರಿ ಹುಡುಕ್ತೀವಿ.

ನನಗೆ ಇದಕ್ಕಿಂತ ಚಿಂತೆ ನಿಮ್ಮ ತಾರೀಖಿನದು. 15ನೇ ತಾರೀಖು ಜಾವ 2.30 ಅಂದರೆ 14ರ ರಾತ್ರಿ. ನಮ್ಮ ಅತ್ತೆ ಮಗ ಸಿಂಗಪುರಕ್ಕೆ ಹೋಗೋವಾಗ ಮಾರನೇ ರಾತ್ರಿ ಬ್ಯಾಗ್ ಹಿಡಿದು ನಿಂತಿದ್ದ, ವಿಮಾನ ಹಿಂದಿನ ರಾತ್ರಿಯೇ ಹೋಗಿತ್ತು. ಹಾಸನದಿಂದ ದೇವನಹಳ್ಳಿ 200 ಕಿ.ಮೀ. ಆಸುಪಾಸು. ನೆಲಮಂಗಲದಿಂದ ದೊಡ್ಡಬಳ್ಳಾಪುರದ ಕಡೆ ತಿರುಗಿದರೆ ಬೆಂಗಳೂರಿನ ಟ್ರಾಫಿಕ್ ತಪ್ಪುತ್ತೆ. 14ರ ಸಂಜೆ ಐದೂವರೆಗೆಲ್ಲ ಹೊರಟುಬಿಡಿ. ಬೇಗ ತಲುಪಿ ಕೂತರೆ ನಷ್ಟವಿಲ್ಲ.

ಪ್ರಶ್ನೆ (ಅರಕಲಗೂಡಿನಿಂದ): ನಾವು ಆಗಸ್ಟ್‌ನಲ್ಲಿ ಹೋಗೋರು. ಆಗಲೂ ಇಷ್ಟೇ ವ್ಯತ್ಯಾಸನಾ?

ಉತ್ತರ: ಕಡಿಮೆ. ಆಗಸ್ಟ್ ಅಂದರೆ ಜಪಾನಿನಲ್ಲಿ ಬೇಸಿಗೆ, ಆಗ ಆ ಗಾಳಿಹೊಳೆ ಸೊರಗಿ ಉತ್ತರಕ್ಕೆ ಸರಿಯುತ್ತೆ.

ಪ್ರಶ್ನೆ (ಮೊದಲು ಕೇಳಿದವರು): 14ರ ಸಂಜೆ ಅಂತ ಕ್ಯಾಲೆಂಡರ್‌ನಲ್ಲಿ ಬರೆದಾಯ್ತು. ನಾವು 15ರ ಸಂಜೆ ಅಂತಲೇ ಕಾರು ಹೇಳಿದ್ವಿ!

ಉತ್ತರ: ಸದ್ಯ, ಈಗಲೇ ಗೊತ್ತಾಯ್ತಲ್ಲ. ಮಗಳಿಗೆ ಒಂದು ವಿಷಯ ಹೇಳಿ. ಈ ಗಾಳಿಯನ್ನು 1920ರ ದಶಕದಲ್ಲಿ ಬಲೂನು ಹಾರಿಸಿ ಅಳೆದವರು ಜಪಾನಿನ ಹವಾಮಾನ ವಿಜ್ಞಾನಿ ವಾಸಾಬುರೊ ಓಯಿಶಿ. 1926ರ ಅವರ ವರದಿ ಎಸ್ಪೆರಾಂಟೊದಲ್ಲಿತ್ತು (ಎಲ್ಲ ದೇಶದವರಿಗೂ ಆಗಲಿ ಅಂತ ಹೊಸದಾಗಿ ಕಟ್ಟಿದ ಭಾಷೆ, ಬಲ್ಲವರು ಕಡಿಮೆ), ಹೊರಗಿನವರ ಗಮನಕ್ಕೆ ಹೆಚ್ಚು ಬರಲಿಲ್ಲ. ಅವರು ಕೆಲಸ ಮಾಡಿದ ತಾತೆನೊ ವೀಕ್ಷಣಾಲಯ ಇರೋದು ಅವಳು ಓದುತ್ತಿರೋ ತ್ಸುಕುಬಾದಲ್ಲೇ.