ಬಫನ್ ಇಟಲಿಯ ಅತಿ ದೊಡ್ಡ ಗೋಲ್‌ಕೀಪರ್, ಇದರಲ್ಲಿ ಚರ್ಚೆ ಮಾಡೋಕೆ ಏನಿದೆ?

ಗೋಲ್‌ಪೋಸ್ಟ್ ಗುಂಡಣ್ಣ:
"ಇಟಲಿಗೆ ಡಿನೊ ಝೋಫ್ ಒಬ್ಬನೇ ಗೋಲ್‌ಕೀಪರ್, ಬಫನ್ ಬರೀ ಹವಾ" ಅಂತ ಒಂದು ವಾಟ್ಸಾಪ್ ಗ್ರೂಪಿನಲ್ಲಿ ಓದಿದೆ. ಮೈ ಉರಿದು ಇಲ್ಲಿಗೆ ಬಂದಿದ್ದೇನೆ. ಸ್ವಾಮಿ, 1995ರ ನವೆಂಬರ್‌ನಲ್ಲಿ ಪಾರ್ಮಾ ಕ್ಲಬ್‌ನವರು 17 ವರ್ಷದ ಈ ಹುಡುಗನನ್ನು ಮಿಲಾನ್ ಎದುರು ನಿಲ್ಲಿಸಿದರು. ಆ ಕಡೆ ಜಾರ್ಜ್ ವೇಯಾ, ರಾಬರ್ಟೊ ಬಾಜ್ಜೊ. ಮ್ಯಾಚ್ 0-0. 2001ರಲ್ಲಿ ಯುವೆಂಟಸ್ ಕ್ಲಬ್ ಅವನಿಗಾಗಿ ಪಾರ್ಮಾಗೆ ಕೊಟ್ಟಿದ್ದು 5 ಕೋಟಿ ಯೂರೊಗಿಂತ ಜಾಸ್ತಿ. ಗೋಲ್‌ಕೀಪರ್‌ಗಳಲ್ಲಿ ಆ ದಾಖಲೆ ಮುರಿಯೋಕೆ 2018ರ ಅಲಿಸನ್ ಬರಬೇಕಾಯಿತು. 2006ರ ವಿಶ್ವಕಪ್‌ನಲ್ಲಿ 7 ಮ್ಯಾಚ್, 2 ಗೋಲು. ಒಂದು ನಮ್ಮ ಡಿಫೆಂಡರ್ ಝಕ್ಕಾರ್ಡೊ ತಾನೇ ಹೊಡೆದುಕೊಂಡಿದ್ದು, ಇನ್ನೊಂದು ಝಿದಾನ್ ಪೆನಾಲ್ಟಿ. ಅಂದ್ರೆ ಆಟದ ಓಟದಲ್ಲಿ ಎದುರಾಳಿ ಒಬ್ಬನೂ ಅವನನ್ನು ದಾಟಿಲ್ಲ. ಇಟಲಿಗೆ ಆಡಿದ್ದು 176 ಮ್ಯಾಚ್. ಇನ್ನು ಯಾರಿಗೆ ಏನು ಹೇಳೋದಿದೆ, ಹೇಳಿ.

ಹಳೇ ರೇಡಿಯೊ:
ಹೇಳೋದಿದೆ. 1982ರ ವಿಶ್ವಕಪ್, ಬಾರ್ಸಿಲೋನಾ. ಇಟಲಿ 3, ಬ್ರೆಜಿಲ್ 2. ಮ್ಯಾಚ್ ಮುಗಿಯೋಕೆ ಇನ್ನೇನು ಬಂದಿದೆ. ಆಸ್ಕರ್ ತಲೆ ಕೊಟ್ಟ ಚೆಂಡು ಕೆಳಗೆ, ಮೂಲೆಗೆ. 40 ವರ್ಷದ ಝೋಫ್ ಹಾರಿ ಅದನ್ನು ಗೆರೆಯ ಮೇಲೆ ಅಮುಕಿ ಹಿಡಿದರು. ಕೈ ಜಾರಲಿಲ್ಲ, ಚೆಂಡು ಪುಟಿಯಲೂ ಇಲ್ಲ. ಅದು ಒಳಗೆ ಹೋಗಿದ್ದರೆ ಡ್ರಾ, ಡ್ರಾ ಆಗಿದ್ದರೆ ಸೆಮಿಫೈನಲ್‌ಗೆ ಬ್ರೆಜಿಲ್. ಆರು ದಿನದ ನಂತರ ಕಪ್ ಎತ್ತಿದ ಕ್ಯಾಪ್ಟನ್ ಕೂಡ ಅವರೇ. 1968ರ ಯೂರೊ ಕಪ್ ಬೇರೆ ಇದೆ. ನಿಮ್ಮ ಬಫನ್‌ಗೆ ಯೂರೊ ಇದೆಯಾ? 2012ರ ಫೈನಲ್‌ನಲ್ಲಿ ಸ್ಪೇನ್ ಹತ್ತಿರ 4 ಗೋಲು. ಇನ್ನು 1972ರಿಂದ 74ರವರೆಗೆ ಇಟಲಿ ಪರ ಝೋಫ್ 1142 ನಿಮಿಷ ಒಂದೂ ಗೋಲು ಬಿಟ್ಟಿಲ್ಲ. ಅಂತಾರಾಷ್ಟ್ರೀಯ ಫುಟ್‌ಬಾಲ್‌ನ ದಾಖಲೆ ಅದು.

ಗೋಲ್‌ಪೋಸ್ಟ್ ಗುಂಡಣ್ಣ:
1142 ನಿಮಿಷ ಸರಿ ಸಾರ್. ಆ ಓಟ ನಿಂತಿದ್ದು ಯಾರ ಎದುರು ಅಂತ ಯಾಕೆ ಬಿಟ್ಟಿರಿ? ಹೈಟಿ! 1974ರ ವಿಶ್ವಕಪ್, ಹೈಟಿಯ ಸಾನೊನ್ ಒಬ್ಬನೇ ಓಡಿ ಬಂದು ಝೋಫ್‌ರನ್ನು ದಾಟಿಕೊಂಡು ಹೋಗಿ ಹೊಡೆದ. ಬಫನ್ ಇಟಲಿಯ ಮೊದಲ ದರ್ಜೆಯ ಸೀರಿ ಎ ಲೀಗ್‌ನಲ್ಲಿ 974 ನಿಮಿಷ ಗೋಲು ಬಿಡದೆ ಆಡಿದ. 2016ರಲ್ಲಿ ಅದು ಮುರಿದಿದ್ದು ಬೆಲೊಟ್ಟಿಯ ಪೆನಾಲ್ಟಿಯಿಂದ.

ಗೌತಂಪುರದ ಕೀಪರ್:
ನಿಮಿಷದ ಲೆಕ್ಕ ಇಬ್ಬರೂ ಬಿಡಿ. ಝೋಫ್ ಕಾಲದಲ್ಲಿ ಡಿಫೆಂಡರ್ ಹಿಂದಕ್ಕೆ ಕೊಟ್ಟ ಚೆಂಡನ್ನು ಕೀಪರ್ ಕೈಯಲ್ಲಿ ಎತ್ತಿಕೊಳ್ಳಬಹುದಿತ್ತು. 1992ರಲ್ಲಿ ಆ ನಿಯಮ ಹೋಯಿತು. ಅದಕ್ಕೆ ಮುಂಚೆ ಗೆಲ್ಲುತ್ತಿರುವ ತಂಡ ಕೀಪರ್‌ಗೆ ಕೊಡೋದು, ಅವನು ಎತ್ತಿಕೊಂಡು ಉರುಳಿಸೋದು, ಮತ್ತೆ ಕೊಡೋದು. ಹೀಗೇ ಹತ್ತು ನಿಮಿಷ ಕಳೀತಿದ್ದರು. ಬಫನ್ ಬೆಳೆದಿದ್ದು ಆ ಸೌಕರ್ಯ ಇಲ್ಲದ ಕಾಲದಲ್ಲಿ. ನಾನೇ ಪೋಸ್ಟ್ ನಡುವೆ ನಿಲ್ಲುವವನು. ಕಾಲಿಗೆ ಬರುವ ಬ್ಯಾಕ್‌ಪಾಸ್ ಎಷ್ಟು ಹೆದರಿಸುತ್ತದೆ ಅಂತ ನಿಂತವನಿಗೇ ಗೊತ್ತು.

ಹಳೇ ರೇಡಿಯೊ:
"ಸೌಕರ್ಯ" ಅಂತೆ. ಆ ಕಾಲದ ಚೆಂಡು ಮಳೆಯಲ್ಲಿ ನೆಂದರೆ ಕಲ್ಲಾಗುತ್ತಿತ್ತು, ಅದೂ ಸೌಕರ್ಯವೇ?

ಸ್ಯಾನ್‌ಸಿರೊ ಶೀನ:
ರೇಡಿಯೊ ಸಾರ್ ಒಂದು ಒಳ್ಳೇ ಮಾತು ಹೇಳಿದರು: ಗೆರೆಯ ಮೇಲೆ ಹಿಡಿದರು. ಝೋಫ್ ಗೆರೆಯ ಮೇಲೆ ಹಿಡಿದರು, ಬಫನ್ ಗೆರೆ ದಾಟಿ ಒಳಗೆ ಹೋದ ಚೆಂಡನ್ನು ಹೊರಗೆ ತಂದ. 2012ರ ಫೆಬ್ರವರಿ 25, ಮಿಲಾನ್–ಯುವೆಂಟಸ್. ಆಗಲೇ ನಮ್ಮ ಮಿಲಾನ್ 1-0 ಮುಂದೆ. ನಮ್ಮ ಮುಂಟಾರಿ ತಲೆ ಕೊಟ್ಟ, ಚೆಂಡು ಆರಾಮಾಗಿ ಒಳಗೆ. ಬಫನ್ ಹಿಂದಕ್ಕೆ ಬೀಳುತ್ತಾ ಒಂದೇ ಕೈಯಲ್ಲಿ ಬಾಚಿ ಎಸೆದ. ಲೈನ್ಸ್‌ಮನ್ ಸುಮ್ನೆ ನಿಂತಿದ್ದ. ಕೊನೆಗೆ 1-1. ಮ್ಯಾಚ್ ಮುಗಿದ ಮೇಲೆ ಈ ಮಹಾನುಭಾವ ಏನಂದ? ಗೋಲು ಅಂತ ಗೊತ್ತಾಗಲಿಲ್ಲ, ಗೊತ್ತಾಗಿದ್ದರೂ ರೆಫರಿಗೆ ಸಹಾಯ ಮಾಡ್ತಿರಲಿಲ್ಲ ಅಂದ. ಇಟಲಿ ಕ್ಯಾಪ್ಟನ್ ಬಾಯಲ್ಲಿ ಬಂದ ಮಾತು ಇದು!

ಗೋಲ್‌ಪೋಸ್ಟ್ ಗುಂಡಣ್ಣ:
ಬಂತಪ್ಪ, ಮುಂಟಾರಿ ಭಜನೆ ಶುರು. ಅದೇ ಮ್ಯಾಚ್‌ನಲ್ಲಿ ನಮ್ಮ ಯುವೆಂಟಸ್‌ನ ಮಾಟ್ರಿ ಹೊಡೆದ ಗೋಲನ್ನು ಆಫ್‌ಸೈಡ್ ಅಂತ ತಪ್ಪಾಗಿ ಕಳೆದರಲ್ಲ, ಅದನ್ನು ಯಾಕೆ ನುಂಗಿದೆ?

ಸ್ಯಾನ್‌ಸಿರೊ ಶೀನ:
ಮಾಟ್ರಿದು ಲೈನ್ಸ್‌ಮನ್ ತಪ್ಪು. ನಾನು ಕೇಳ್ತಿರೋದು ಬಫನ್ ಮಾತಿನ ಬಗ್ಗೆ. ಉತ್ತರ ಇದ್ದರೆ ಕೊಡು, ಇಲ್ಲಾಂದ್ರೆ ಬೆಲೊಟ್ಟಿ ಪೆನಾಲ್ಟಿ ಎಣಿಸ್ತಾ ಕೂತ್ಕೊ.

ಉಡುಪಿ ಮಾರಾಯ:
ಎಂತ ಮಾರಾಯ್ರೆ, ಹದಿನೇಳು ವರ್ಷದ ಹುಡುಗನಿಂದ ಶುರುವಾದದ್ದು ಇಷ್ಟು ಬೇಗ ಕೋರ್ಟಿಗೆ ಬಂತಾ?

ಗೌತಂಪುರದ ಕೀಪರ್:
ಕೀಪರ್ ಆಗಿ ಒಂದು ಹೇಳ್ತೇನೆ. ಹಿಂದಕ್ಕೆ ಬೀಳುತ್ತಿರುವವನಿಗೆ ಗೆರೆ ಕಾಣೋದಿಲ್ಲ. ಕಣ್ಣು ಚೆಂಡಿನ ಮೇಲೆ, ಬೆನ್ನು ನೆಟ್ ಕಡೆ. ಪೋಸ್ಟ್ ಎಲ್ಲಿದೆ ಅನ್ನೋದು ಅಂದಾಜು ಅಷ್ಟೇ. ಕೈ ತಾನಾಗಿ ಚೆಂಡನ್ನು ಮುಂದಕ್ಕೆ ಎಸೆಯುತ್ತದೆ, ಅದು ಅಭ್ಯಾಸ. ಬಫನ್‌ಗೆ ಆ ಕ್ಷಣ ಗೊತ್ತಾಗಲಿಲ್ಲ ಅನ್ನೋದು ನಂಬಬಹುದಾದ ಮಾತು.

ಸ್ಯಾನ್‌ಸಿರೊ ಶೀನ:
"ನಂಬಬಹುದಾದ ಮಾತು." ಸರಿ, ಮೊದಲ ಅರ್ಧ ನಂಬಿದೆ. ಗೊತ್ತಾಗಿದ್ದರೂ ಹೇಳ್ತಿರಲಿಲ್ಲ ಅನ್ನೋ ಎರಡನೇ ಅರ್ಧವನ್ನೂ ಅವನೇ ಹೇಳಿದ್ದು. ಅದನ್ನೂ ನಂಬ್ತೇನೆ. ನೀವೂ ನಂಬಿ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಲಾಝಿಯೊದ ಕ್ಲೋಸ ನಾಪೊಲಿ ಎದುರು ಗೋಲು ಹೊಡೆದ, ಚೆಂಡು ಕೈಗೆ ತಾಗಿತ್ತು ಅಂತ ತಾನೇ ಹೋಗಿ ರೆಫರಿಗೆ ಹೇಳಿ ಗೋಲು ತೆಗೆಸಿದ. ಅದೇ ಲೀಗ್, ಅದೇ ವರ್ಷ.

ಹಳೇ ರೇಡಿಯೊ:
ಇದಕ್ಕೆ ನಮ್ಮವರದೇ ಉದಾಹರಣೆ ಇದೆ. 1980, ವಾಂಖೆಡೆ, ಬಿಸಿಸಿಐ ಸುವರ್ಣ ಮಹೋತ್ಸವದ ಟೆಸ್ಟ್. ಇಂಗ್ಲೆಂಡ್ ಕುಸಿದಿತ್ತು. ಬಾಬ್ ಟೇಲರ್‌ಗೆ ಅಂಪೈರ್ ಕಾಟ್ ಬಿಹೈಂಡ್ ಔಟ್ ಕೊಟ್ಟರು. ಟೇಲರ್ ಬ್ಯಾಟಿಗೆ ತಾಗಿಲ್ಲ ಅಂತ ನಿಂತರು. ಕ್ಯಾಪ್ಟನ್ ಆಗಿದ್ದ ನಮ್ಮ ಭದ್ರಾವತಿಯ ವಿಶ್ವನಾಥ್ ಅಂಪೈರ್ ಹತ್ತಿರ ಹೋಗಿ ಅವರನ್ನು ವಾಪಸ್ ಕರೆಸಿದರು. ಯಾರೂ ಕೇಳಿರಲಿಲ್ಲ. ಆಟಗಾರ ಅಂದ್ರೆ ಅದು.

ಗೋಲ್‌ಪೋಸ್ಟ್ ಗುಂಡಣ್ಣ:
ಆಮೇಲೆ ಏನಾಯ್ತು ಅಂತಲೂ ಹೇಳಿ ಸಾರ್. ಟೇಲರ್ 43 ಹೊಡೆದರು, ಬೋಥಮ್ ಜೊತೆ 171 ರನ್ ಸೇರಿಸಿದರು, ಇಂಡಿಯಾ 10 ವಿಕೆಟ್‌ನಿಂದ ಸೋತಿತು. ಒಳ್ಳೆಯತನಕ್ಕೆ ಟ್ರೋಫಿ ಕೊಡಲ್ಲ.

ಹಳೇ ರೇಡಿಯೊ:
ತಮ್ಮಾ, ಬಫನ್ ಬಗ್ಗೆ ಏನಾದ್ರೂ ಬರಿ. ವಿಶಿ ಬಗ್ಗೆ ಆ ಧಾಟಿ ಬೇಡ. ಆ ಟೆಸ್ಟ್‌ನಲ್ಲಿ ಬೋಥಮ್ ಸೆಂಚುರಿ ಹೊಡೆದು 13 ವಿಕೆಟ್ ತೆಗೆದಿದ್ದ. ಸೋತಿದ್ದು ಅದಕ್ಕೆ. ವಿಶಿ ಸೋಲಿಸಿದರು ಅನ್ನೋ ಅರ್ಥ ಬರೋ ಹಾಗೆ ಬರೆಯೋಕೆ ಕೈ ಹೇಗೆ ಬರುತ್ತೆ?

ಗೋಲ್‌ಪೋಸ್ಟ್ ಗುಂಡಣ್ಣ:
ನಾನೆಲ್ಲಿ ವಿಶಿ ಸೋಲಿಸಿದರು ಅಂದೆ? ಸ್ಕೋರ್ ಹೇಳಿದೆ ಅಷ್ಟೇ.

ಹಳೇ ರೇಡಿಯೊ:
ಸ್ಕೋರ್ ಹೇಳುವ ಧಾಟಿ ನನಗೂ ಗೊತ್ತಾಗುತ್ತೆ.

ಉಡುಪಿ ಮಾರಾಯ:
ವಿಶ್ವನಾಥ್ ಫೀಲ್ಡಿಂಗ್ ತಂಡದ ಕ್ಯಾಪ್ಟನ್, ಅಪೀಲ್ ವಾಪಸ್ ತೆಗೆದುಕೊಳ್ಳುವ ಹಕ್ಕು ನಿಯಮದಲ್ಲೇ ಉಂಟು. ಫುಟ್‌ಬಾಲ್‌ನಲ್ಲಿ ಕೀಪರ್ ಕೈ ಎತ್ತಿ "ಗೋಲು ಆಯ್ತು ಸ್ವಾಮಿ" ಅಂತ ಹೇಳುವ ನಿಯಮ ಯಾವುದುಂಟು? ಕ್ಲೋಸನನ್ನು ಎಲ್ಲರೂ ಹೊಗಳಿದ್ದು ಯಾಕೆ? ಬೇರೆ ಯಾರೂ ಹಾಗೆ ಮಾಡುವುದಿಲ್ಲ, ಅದಕ್ಕೆ. ಬಫನ್ ಕನಿಷ್ಠ ಬಾಯಿಬಿಟ್ಟು ಹೇಳಿದ. ಉಳಿದವರು ಒಳಗೊಳಗೆ ಅದನ್ನೇ ಮಾಡುವವರು.

ಸ್ಯಾನ್‌ಸಿರೊ ಶೀನ:
"ಬಾಯಿಬಿಟ್ಟು ಹೇಳಿದ." ಆಹಾ, ಆ ಬಾಯಿಯ ಇನ್ನೊಂದು ಕತೆ ಕೇಳಿ. 2018ರ ಏಪ್ರಿಲ್, ಮ್ಯಾಡ್ರಿಡ್, ಚಾಂಪಿಯನ್ಸ್ ಲೀಗ್ ಕ್ವಾರ್ಟರ್‌ಫೈನಲ್. ಮೊದಲ ಲೆಗ್ 0-3 ಸೋತಿದ್ದ ಯುವೆಂಟಸ್ ಅಲ್ಲಿ 3-0 ಮಾಡಿ ಸಮ ಮಾಡಿತ್ತು. 93ನೇ ನಿಮಿಷದಲ್ಲಿ ರೆಫರಿ ಮೈಕಲ್ ಆಲಿವರ್ ರಿಯಲ್‌ಗೆ ಪೆನಾಲ್ಟಿ ಕೊಟ್ಟರು. ಬಫನ್ ಅವರ ಮುಖದ ಮೇಲೆ ಹೋಗಿ ಕಿರುಚಿ ರೆಡ್ ಕಾರ್ಡ್ ತಗೊಂಡ. ಆಮೇಲೆ ಟಿವಿಯಲ್ಲಿ, ಆ ರೆಫರಿಗೆ ಹೃದಯದ ಜಾಗದಲ್ಲಿ ಕಸದ ಡಬ್ಬಿ ಇದೆ ಅಂದ. 2012ರಲ್ಲಿ ರೆಫರಿಗೆ ಸಹಾಯ ಮಾಡಲ್ಲ. 2018ರಲ್ಲಿ ರೆಫರಿ ಮಾತ್ರ ಹೃದಯ ಇಟ್ಟುಕೊಂಡು ಇವನಿಗೆ ಸಹಾಯ ಮಾಡಬೇಕು. ಚೆನ್ನಾಗಿದೆ ಲೆಕ್ಕ.

ಗೋಲ್‌ಪೋಸ್ಟ್ ಗುಂಡಣ್ಣ:
93ನೇ ನಿಮಿಷದಲ್ಲಿ ಯಾರಿಗೆ ತಲೆ ಕೆಡಲ್ಲ? 40 ವರ್ಷ, ಚಾಂಪಿಯನ್ಸ್ ಲೀಗ್ ಒಂದೂ ಗೆದ್ದಿಲ್ಲ, ಇದೇ ಕೊನೆಯ ಅವಕಾಶ ಅಂದುಕೊಂಡವನು. ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ 3 ಮ್ಯಾಚ್ ನಿಷೇಧ ಹಾಕಿತು, ಅನುಭವಿಸಿದ. ನೀನು ಸ್ವೀಡನ್ ಮ್ಯಾಚ್ ಯಾಕೆ ಹೇಳಲ್ಲ? 2017ರ ನವೆಂಬರ್, ನಿನ್ನದೇ ಮಿಲಾನ್‌ನ ಸ್ಯಾನ್ ಸಿರೊ ಮೈದಾನ. ಸ್ವೀಡನ್ ರಾಷ್ಟ್ರಗೀತೆಗೆ ನಮ್ಮ ಜನವೇ ಸಿಳ್ಳೆ ಹೊಡೆದಾಗ ಆ ಸದ್ದಿನ ನಡುವೆ ಚಪ್ಪಾಳೆ ತಟ್ಟಿದವನು ಇದೇ ಬಫನ್. ಅವತ್ತೇ ಇಟಲಿ ವಿಶ್ವಕಪ್‌ನಿಂದ ಹೊರಗೆ ಬಿತ್ತು, ಕ್ಯಾಮೆರಾ ಮುಂದೆ ಅತ್ತ. 2006ರಲ್ಲಿ ಯುವೆಂಟಸ್ ಸೀರಿ ಬಿಗೆ ಬಿದ್ದಾಗ ಕನ್ನವಾರೊ ರಿಯಲ್‌ಗೆ ಹೋದ, ಇಬ್ರಾಹಿಮೊವಿಚ್ ಇಂಟರ್‌ಗೆ ಹೋದ. ವಿಶ್ವಕಪ್ ಗೆದ್ದು ಬಂದ ಬಫನ್ ಎರಡನೇ ದರ್ಜೆಯ ಲೀಗ್ ಆಡಿದ. ಇದೂ ಗುಣವೇ ತಾನೆ?

ಸ್ಯಾನ್‌ಸಿರೊ ಶೀನ:
ಚಪ್ಪಾಳೆಗೆ ಖರ್ಚಿಲ್ಲ. ಖರ್ಚಾಗುವ ಜಾಗದಲ್ಲಿ ಏನು ಮಾಡಿದ ಅನ್ನೋದು ಮುಖ್ಯ. ಆ ಮುಂಟಾರಿ ಗೋಲಿನ ಸೀಸನ್ ಕೊನೆಗೆ ಯುವೆಂಟಸ್ 84 ಅಂಕ, ಮಿಲಾನ್ 80. ಮುಂಟಾರಿ ಗೋಲು ಎಣಿಸಿದ್ದರೆ 2-0.

ಗೌತಂಪುರದ ಕೀಪರ್:
ಒಂದು ಮ್ಯಾಚ್ ಆ ಕಡೆ ಹೋದರೂ 83-82 ಆಗ್ತಿತ್ತು. ಆಗಲೂ ಯುವೆಂಟಸ್ ಮುಂದೆ.

ಸ್ಯಾನ್‌ಸಿರೊ ಶೀನ:
ಕೀಪರ್ ಸಾಹೇಬರೇ, ಉಳಿದ ಮ್ಯಾಚ್‌ಗಳನ್ನು ತಂಡಗಳು ಅದೇ ಧೈರ್ಯದಲ್ಲಿ ಆಡ್ತಿದ್ದವಾ? ಕೂಡಿ ಕಳೆಯೋಕೆ ಇದೇನು ಕಿರಾಣಿ ಅಂಗಡಿ ಬಿಲ್ಲಾ?

ಹಳೇ ರೇಡಿಯೊ:
ಝೋಫ್ ರೆಫರಿಗೆ ಕಿರುಚಿ ಮೈದಾನ ಬಿಟ್ಟ ಒಂದು ಘಟನೆ ತೋರಿಸಿ. 2000ದ ಯೂರೊ ಫೈನಲ್ ಸೋತಾಗ ಕೋಚ್ ಅವರೇ. ರಾಜಕಾರಣಿ, ಮಿಲಾನ್ ಕ್ಲಬ್ ಮಾಲೀಕ ಬರ್ಲುಸ್ಕೋನಿ ಬಾಯಿಗೆ ಬಂದ ಹಾಗೆ ಟೀಕೆ ಮಾಡಿದರು. ರಾಜೀನಾಮೆ ಕೊಟ್ಟು ಹೊರಟರು, ಕಸದ ಡಬ್ಬಿ ಮಾತು ಬರಲಿಲ್ಲ.

ಗೋಲ್‌ಪೋಸ್ಟ್ ಗುಂಡಣ್ಣ:
ಅವರು ಮಾತೇ ಕಮ್ಮಿ ಆಡೋರು ಸಾರ್, ಮಾತಾಡದೆ ಇರೋದು ಸೇವ್ ಅಲ್ಲ. 1978ರ ವಿಶ್ವಕಪ್‌ನಲ್ಲಿ ಹಾಲೆಂಡ್‌ನ ಹಾನ್ ಅಷ್ಟು ದೂರದಿಂದ ಹೊಡೆದಾಗ ಎಲ್ಲಿದ್ದರು? ಬ್ರೆಜಿಲ್‌ನ ನೆಲಿನ್ಯೊ ಹೊಡೆದಾಗ?

ಹಳೇ ರೇಡಿಯೊ:
ನೆಲಿನ್ಯೊ ಹೊಡೆದ ಚೆಂಡು ಹೇಗೆ ತಿರುಗಿತು ಅಂತ ಒಮ್ಮೆ ನೋಡು, ಆಮೇಲೆ ಬರಿ.

ಸ್ಯಾನ್‌ಸಿರೊ ಶೀನ:
ಗುಂಡಣ್ಣ, ಚಾಂಪಿಯನ್ಸ್ ಲೀಗ್ ಮಾತು ನೀನೇ ತೆಗೆದೆ. ಮೂರು ಫೈನಲ್, ಮೂರೂ ಸೋಲು. 2015 ಬರ್ಲಿನ್, 2017 ಕಾರ್ಡಿಫ್, ಮತ್ತೆ ನನಗೆ ಇಷ್ಟವಾದ 2003ರ ಮ್ಯಾಂಚೆಸ್ಟರ್. ಪೆನಾಲ್ಟಿ ಶೂಟೌಟ್‌ನಲ್ಲಿ ಬಫನ್ ಎರಡು ತಡೆದ, ನಮ್ಮ ಮಿಲಾನ್ ಕೀಪರ್ ಡಿಡಾ ಮೂರು ತಡೆದ. ಟ್ರೆಝೆಗೆ, ಝಲಯೇಟ, ಮೊಂಟೇರೊ. ಹೆಸರು ಬಾಯಿಪಾಠ ಇದೆ.

ಗೋಲ್‌ಪೋಸ್ಟ್ ಗುಂಡಣ್ಣ:
ಹೆಸರು ಬಾಯಿಪಾಠ ಇದ್ದರೆ ವಿಡಿಯೊನೂ ನೋಡಿರ್ತೀಯಲ್ವಾ? ಒದೆಯುವ ಮೊದಲೇ ಡಿಡಾ ಗೆರೆ ಬಿಟ್ಟು ಎಷ್ಟು ಮುಂದೆ ಬಂದಿದ್ದ? ಅವನು ಹೋಗಿ ರೆಫರಿಗೆ ಹೇಳಿದನಾ?

ಸ್ಯಾನ್‌ಸಿರೊ ಶೀನ:
ಬಫನ್ ಕೂಡ ಮುಂದೆ ಬಂದಿದ್ದ.

ಗೋಲ್‌ಪೋಸ್ಟ್ ಗುಂಡಣ್ಣ:
ನಾನು ಕೇಳಿದ್ದು ಡಿಡಾ ಬಗ್ಗೆ.