ಸಹಾಯ ಬೇಕು: ಶಟಾಕ್ವಾ ಸರೋವರದ ಬೇಸಿಗೆ ಮನೆಗಳ ಚರಿತ್ರೆ

ಮಾನ್ಯರೇ,

ನ್ಯೂಯಾರ್ಕ್ ರಾಜ್ಯದ ಪಶ್ಚಿಮ ಭಾಗದಲ್ಲಿ, ಶಟಾಕ್ವಾ ಸರೋವರದ ದಂಡೆಯ ಮೇಲೆ ಬೆಳೆದ ಬೇಸಿಗೆ ಮನೆಗಳ ಊರಿನ ಕುರಿತು ಕನ್ನಡದಲ್ಲಿ ಲೇಖನವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಮೆಥಡಿಸ್ಟ್ ಎಂಬ ಪ್ರಾಟೆಸ್ಟಂಟ್ ಪಂಗಡದ ಕ್ರೈಸ್ತರು ಮರಗಳ ನೆರಳಿನಲ್ಲಿ ಪ್ರಾರ್ಥನಾ ಶಿಬಿರ ನಡೆಸುತ್ತಿದ್ದ ಜಾಗದಲ್ಲೇ ಪಾದ್ರಿ ಜಾನ್ ಹೇಲ್ ವಿನ್ಸೆಂಟ್ ಮತ್ತು ಓಹಾಯೋದ ಉದ್ಯಮಿ ಲೂಯಿಸ್ ಮಿಲ್ಲರ್ ಅವರು 1874ರ ಆಗಸ್ಟ್‌ನಲ್ಲಿ ಭಾನುವಾರದ ಶಾಲೆಗಳ (ಚರ್ಚುಗಳು ಭಾನುವಾರ ನಡೆಸುವ ಬೈಬಲ್ ಪಾಠಗಳ) ಶಿಕ್ಷಕರಿಗೆ ತರಬೇತಿ ಆರಂಭಿಸಿದರು. ದಡದಲ್ಲಿ ಬೈಬಲ್ಲಿನ ಪವಿತ್ರ ನಾಡಿನ ಮಾದರಿಯನ್ನು ಮಣ್ಣಿನಲ್ಲೇ ನಿರ್ಮಿಸಿ, ಸರೋವರವನ್ನೇ ಮೆಡಿಟರೇನಿಯನ್ ಸಮುದ್ರವೆಂದು ಭಾವಿಸಿ ಪಾಠ ಹೇಳುತ್ತಿದ್ದರೆಂಬುದು ನನಗೆ ಈ ಚರಿತ್ರೆಯ ಅತ್ಯಂತ ಆಕರ್ಷಕ ಅಂಶ. ಧರ್ಮಬೋಧೆಗೆಂದು ಹುಟ್ಟಿದ ಸ್ಥಳವು ಬರಬರುತ್ತಾ ಸಂಗೀತ, ವಿಜ್ಞಾನ, ಉಪನ್ಯಾಸಗಳಿಗೂ ತೆರೆದುಕೊಂಡಿತು. 1878ರಲ್ಲಿ ಮನೆಯಲ್ಲೇ ಕುಳಿತು ಓದುವವರಿಗಾಗಿ ನಾಲ್ಕು ವರ್ಷಗಳ ಓದಿನ ಕ್ರಮವನ್ನೂ ರೂಪಿಸಿತು.

ನನಗೆ ಮುಖ್ಯವಾಗಿ ಬೇಕಿರುವುದು ಡೇರೆಗಳು ಮರದ ಮನೆಗಳಾಗಿ ಬದಲಾದ ಬಗೆಯನ್ನು ತೋರಿಸುವ ಹಳೆಯ ಛಾಯಾಚಿತ್ರಗಳು, ನಿವೇಶನಗಳ ಗುತ್ತಿಗೆ ಪತ್ರಗಳು ಮತ್ತು ನಕ್ಷೆಗಳು. ಸರೋವರಕ್ಕೆ ಸಮೀಪದ ಬಫಲೋ ಅಥವಾ ಈರಿ ನಗರಗಳ ಸುತ್ತಮುತ್ತ ನೆಲೆಸಿರುವ ಕನ್ನಡಿಗರು ಅಲ್ಲಿನ ಗ್ರಂಥಾಲಯಗಳಲ್ಲಿ ಇಂಥವನ್ನು ನೋಡಿದ್ದರೆ ದಯವಿಟ್ಟು ತಿಳಿಸಬೇಕು. ಹಳೆಯ ಮೈಸೂರು ಸಂಸ್ಥಾನದಲ್ಲಿ ಕೆಲಸ ಮಾಡಿದ ಮಿಷನರಿಗಳು ಶಟಾಕ್ವಾದಲ್ಲಿ ಮಾತನಾಡಿದ ದಾಖಲೆಯೇನಾದರೂ ಇದ್ದರೆ, ಅದರ ಪ್ರತಿಗೆ ತಗಲುವ ವೆಚ್ಚವನ್ನು ನಾನೇ ಭರಿಸುತ್ತೇನೆ.